ಆರಿಸಿ ಹಾಕಿದರೆ ಸಾಕೇ?

ಬಾಗಿಲ ಮೇಲಿನ ಕಾವಲು ಕ್ಯಾಮೆರಾ ಇದ್ದಕ್ಕಿದ್ದಂತೆ ಕಣ್ಣು ಮುಚ್ಚಿದರೆ ಮನೆಮನೆಯಲ್ಲೂ ನಡೆಯುವ ಚಿಕಿತ್ಸೆ ಒಂದೇ: ಸ್ವಿಚ್ ಆರಿಸಿ, ಹತ್ತು ಎಣಿಸಿ, ಮತ್ತೆ ಹಾಕುವುದು. ಬಹಳಷ್ಟು ಸಲ ಚಿತ್ರ ಮರಳಿ ಬರುತ್ತದೆ. ಎಲ್ಲರೂ ಅಲ್ಲಿಗೆ ಮರೆತುಬಿಡುತ್ತಾರೆ. ಆದರೆ ಮಾತ್ರೆ ನುಂಗಿ ಜ್ವರ ಇಳಿದ ಮಾತ್ರಕ್ಕೆ ಕಾಯಿಲೆಯೇ ಹೋಯಿತೆನ್ನಲಾದೀತೇ? ಕಾರಣ ತಿಳಿಯದೆ ಎದ್ದ ಕ್ಯಾಮೆರಾ, ಕಳ್ಳ ಬಂದ ರಾತ್ರಿಯೇ ಮತ್ತೆ ಮಲಗಬಹುದು.

ನೆಟ್‌ವರ್ಕ್ ಕ್ಯಾಮೆರಾ ಎಂದರೆ ಕಣ್ಣಿರುವ ಪುಟ್ಟ ಕಂಪ್ಯೂಟರ್. ಕಂಡದ್ದನ್ನು ಅಂಕಿಗಳಾಗಿ ಬದಲಿಸಿ, ಕುಗ್ಗಿಸಿ, ಕೇಬಲ್ ಅಥವಾ ವೈ-ಫೈ ಮೂಲಕ ರೂಟರಿಗೆ ಕಳಿಸುತ್ತದೆ. ಅಲ್ಲಿಂದ ರೆಕಾರ್ಡರಿಗೆ, ಬೇಕಾದಾಗ ಇಂಟರ್ನೆಟ್ ದಾಟಿ ಅಪ್ಪ-ಅಮ್ಮನ ಫೋನಿಗೆ. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ಫೋನಿನಲ್ಲಿ ಕಾಣುವುದು ‘ಆಫ್‌ಲೈನ್’ ಎಂಬ ಒಂದೇ ಮಾತು. ಆದ್ದರಿಂದ ಒಂದೊಂದೇ ಕೊಂಡಿಯನ್ನು ಮುಟ್ಟಿ ನೋಡಬೇಕು.

ಮೊದಲು ರೆಕಾರ್ಡರಿಗೆ ಜೋಡಿಸಿದ ಪರದೆ ನೋಡಿ. ಅಲ್ಲಿ ಚಿತ್ರ ಸರಿಯಿದ್ದು ಫೋನಿನಲ್ಲಿ ಮಾತ್ರ ಇಲ್ಲವೆಂದರೆ ಕ್ಯಾಮೆರಾದ ತಪ್ಪಲ್ಲ; ತೊಂದರೆ ಇಂಟರ್ನೆಟ್ ಸಂಪರ್ಕದಲ್ಲೋ ಫೋನಿನ ಆ್ಯಪ್‌ನಲ್ಲೋ ಇದೆ. ಅಲ್ಲಿಯೂ ಇಲ್ಲವಾದರೆ ಹುಡುಕಾಟ ಮನೆಯೊಳಗೇ.

ಹಗಲೆಲ್ಲ ಚೆನ್ನಾಗಿದ್ದು ಕತ್ತಲಾದೊಡನೆ ಕಡಿದು ಹೋಗುತ್ತದೆಯೇ? ವಿದ್ಯುತ್ತಿನ ಮೇಲೆ ಅನುಮಾನ ಪಡಿ. ಕತ್ತಲಲ್ಲಿ ಕಾಣಲು ಕ್ಯಾಮೆರಾ ತನ್ನ ಇನ್‌ಫ್ರಾರೆಡ್ ದೀಪಗಳನ್ನು ಹೊತ್ತಿಸುತ್ತದೆ. ಆಗ ಅದಕ್ಕೆ ಹೆಚ್ಚು ವಿದ್ಯುತ್ ಬೇಕು. ಬಲವಿಲ್ಲದ ಅಡಾಪ್ಟರ್ ಅಲ್ಲಿ ಸೋಲುತ್ತದೆ. ನೆಟ್‌ವರ್ಕ್ ಕೇಬಲಿನಲ್ಲೇ ವಿದ್ಯುತ್ ಹಾಯಿಸುವ ವ್ಯವಸ್ಥೆಗೆ 2003ರಲ್ಲಿ ಬಂದ ಮೊದಲ ಮಾನದಂಡದ ಪ್ರಕಾರ ಸ್ವಿಚ್ ಹೊರಡಿಸುವುದು 15.4 ವಾಟ್, ಕ್ಯಾಮೆರಾಕ್ಕೆ ಖಾತ್ರಿಯಾಗಿ ತಲುಪುವುದು 12.95 ವಾಟ್. ಉಳಿದದ್ದು ತಂತಿಯಲ್ಲೇ ಸೋರಬಹುದು. ತಾಮ್ರದ ಬದಲು ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿ ಎಳೆದಿದ್ದರೆ ಸೋರಿಕೆ ಇನ್ನೂ ಹೆಚ್ಚು. ಕೇಬಲಿನ ಉದ್ದವೂ 100 ಮೀಟರ್ ಮೀರಬಾರದು.

ವೈ-ಫೈ ಕ್ಯಾಮೆರಾ ಆದರೆ ಇನ್ನೊಂದು ವಿಷಯ. ಇಂಥ ಅನೇಕ ಕ್ಯಾಮೆರಾಗಳಿಗೆ ತಿಳಿಯುವುದು 2.4 ಗಿಗಾಹರ್ಟ್ಸ್ ತರಂಗ ಮಾತ್ರ. ರೂಟರಿನಲ್ಲಿ ಬರೀ 5 ಗಿಗಾಹರ್ಟ್ಸ್ ಇಟ್ಟರೆ ಅವು ಕಿವುಡು. ಇನ್ನು, ಎರಡು ಸಾಧನಗಳಿಗೆ ಒಂದೇ ಐಪಿ ವಿಳಾಸ ಬಿದ್ದರೆ ಒಂದೇ ಬಾಗಿಲ ಸಂಖ್ಯೆಯ ಎರಡು ಮನೆಗಳ ನಡುವೆ ಅಂಚೆಯವನು ಪರದಾಡಿದಂತೆ, ಚಿತ್ರ ಬಂದು ಬಂದು ಹೋಗುತ್ತದೆ. ಪ್ರತಿ ಕ್ಯಾಮೆರಾಕ್ಕೂ ರೂಟರಿನಲ್ಲಿ ಬೇರೆ ಬೇರೆ ವಿಳಾಸ ಕಾದಿರಿಸಿದರೆ ಈ ಕಾಟ ತಪ್ಪುತ್ತದೆ.

ಚಿತ್ರ ತಡವರಿಸುತ್ತಿದ್ದರೆ ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿಯಲಿ. ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಕಳಿಸುತ್ತದೆ ಎನ್ನಿ. ನಾಲ್ಕು ಸೇರಿದರೆ 16. ನಿಮ್ಮ ಸಂಪರ್ಕದ ಅಪ್‌ಲೋಡ್ ವೇಗ 10 ಇದ್ದರೆ ನಾಲ್ಕನ್ನೂ ಹೊರಗಿನಿಂದ ಒಟ್ಟಿಗೆ ನೋಡಲಾಗದು. ಡೌನ್‌ಲೋಡ್ ವೇಗ 100 ಇದ್ದರೂ ಪ್ರಯೋಜನವಿಲ್ಲ. ಫೋನಿಗೆ ಕಡಿಮೆ ಗಾತ್ರದ ಎರಡನೇ ಪ್ರತಿಯನ್ನು ಕಳಿಸುವ ಸೌಕರ್ಯ ಬಹಳಷ್ಟು ಕ್ಯಾಮೆರಾಗಳಲ್ಲಿದೆ, ಅದನ್ನು ಬಳಸಿ. ಇದೇ ಲೆಕ್ಕ ಮುಂದುವರಿಸಿ: 8 ಬಿಟ್‌ಗೆ ಒಂದು ಬೈಟ್, ಆ 4 ಮೆಗಾಬಿಟ್ ದಿನಕ್ಕೆ ಸುಮಾರು 43 ಗಿಗಾಬೈಟ್ ಆಗುತ್ತದೆ. ನಾಲ್ಕು ಕ್ಯಾಮೆರಾ ಸದಾ ದಾಖಲಿಸಿದರೆ 1 ಟೆರಾಬೈಟ್ ಡಿಸ್ಕ್ ಆರು ದಿನವೂ ಬಾರದು. ಹತ್ತು ದಿನ ಊರಿಗೆ ಹೋಗಿ ಬಂದವರಿಗೆ ಮೊದಲ ದಿನದ ದೃಶ್ಯ ಸಿಗದಿದ್ದರೆ ಅದು ಕ್ಯಾಮೆರಾದ ದೋಷವಲ್ಲ, ಲೆಕ್ಕದ ದೋಷ.

ಇಷ್ಟೆಲ್ಲ ಸರಿಯಿದ್ದೂ ಕ್ಯಾಮೆರಾ ಮಂಕಾಗಿ, ಆರಿಸಿ ಹಾಕಿದಾಗ ಚುರುಕಾಗಿ, ಮತ್ತೆ ಮಂಕಾದರೆ? ಅದು ಬೇರೆಯವರ ಚಾಕರಿ ಮಾಡುತ್ತಿರಬಹುದು. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ ಇಂಟರ್ನೆಟ್ಟಿನಲ್ಲಿ ಬಾಗಿಲು ತಟ್ಟುತ್ತ ಹೊರಟಿತು. ಅದರ ಬಳಿ ಇದ್ದದ್ದು ಕಾರ್ಖಾನೆಯಲ್ಲೇ ಇಟ್ಟು ಕಳಿಸುವ ಅರವತ್ತು ಚಿಲ್ಲರೆ ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿ, ಅಷ್ಟೆ. ಅಷ್ಟರಿಂದಲೇ ಲಕ್ಷಾಂತರ ಕ್ಯಾಮೆರಾ, ರೂಟರುಗಳು ಅದರ ವಶವಾದವು. ಅದೇ ವರ್ಷ ಅಕ್ಟೋಬರ್ 21ರಂದು ಅಂಥ ಸಾಧನಗಳು ಅಮೆರಿಕದ ಡಿನ್ ಎಂಬ ಸಂಸ್ಥೆಯ ಮೇಲೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಹಲವರಿಗೆ ಗಂಟೆಗಟ್ಟಲೆ ಸಿಗಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಮಿರಾಯ್ ಹೆಣೆದ ಮೂವರು ಯುವಕರು ತಪ್ಪೊಪ್ಪಿಕೊಂಡದ್ದು 2017ರಲ್ಲಿ ಬಹಿರಂಗವಾದಾಗ ಅವರ ವಯಸ್ಸು 20–21.

ಗಮನಿಸಿ: ಮಿರಾಯ್ ಕೂರುತ್ತಿದ್ದುದು ತಾತ್ಕಾಲಿಕ ಸ್ಮರಣೆಯಲ್ಲಿ. ಸ್ವಿಚ್ ಆರಿಸಿದರೆ ಅಳಿಸಿಹೋಗುತ್ತಿತ್ತು. ಪಾಸ್‌ವರ್ಡ್ ಬದಲಿಸದಿದ್ದರೆ ಕೆಲವೇ ನಿಮಿಷಗಳಲ್ಲಿ ಮರಳಿ ಬರಬಹುದಿತ್ತು! ಇಂಥ ಕಡೆ ಸ್ವಿಚ್ ಆರಿಸುವುದು ಚಿಕಿತ್ಸೆಯ ಅರ್ಧ ಭಾಗ ಮಾತ್ರ. ಆರಿಸಿ ಹಾಕಿದ ತಕ್ಷಣ ಪಾಸ್‌ವರ್ಡ್ ಬದಲಿಸಬೇಕು, ತಯಾರಕರು ಹೊಸ ಫರ್ಮ್‌ವೇರ್ ಕೊಟ್ಟಿದ್ದರೆ ಅದನ್ನು ಹಾಕಬೇಕು.

ಈ ಭಾನುವಾರ ಅಪ್ಪ-ಅಮ್ಮ, ಮಕ್ಕಳು ಒಟ್ಟಿಗೆ ಕುಳಿತು ಒಂದು ಕೆಲಸ ಮಾಡಿ. ನೇರ ಚಿತ್ರ ಬೇಡ. ಕಳೆದ ಬುಧವಾರ ರಾತ್ರಿ ಎರಡು ಗಂಟೆಯ ದಾಖಲೆ ತೆರೆಯಿರಿ. ಅದು ಇದೆಯೇ, ಅದರ ಮೇಲಿನ ಗಡಿಯಾರ ಸರಿಯಿದೆಯೇ ನೋಡಿ. ಕ್ಯಾಮೆರಾ ಕಡಿದಾಗಲೆಲ್ಲ ದಿನ, ಹೊತ್ತು, ಮಾಡಿದ ಬದಲಾವಣೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಇರಲಿ. ಮೆಕ್ಯಾನಿಕ್ ಬಂದಾಗ ಆ ಪುಟವನ್ನು ಅವರ ಮುಂದಿಡಿ.