ಬಾಣಂತಿಯ ತಾಟಿನಲ್ಲಿ ಏನಿದೆ?

ಆಗಸ್ಟ್ ತಿಂಗಳ ಮೊದಲ ವಾರ ಬಂತೆಂದರೆ ಆಸ್ಪತ್ರೆಗಳ ಗೋಡೆಯ ಮೇಲೆ ಎದೆಹಾಲಿನ ಚಿತ್ರಪಟಗಳು ಏರುತ್ತವೆ. 1992ರಿಂದ ಜಗತ್ತಿನಾದ್ಯಂತ ಈ ವಾರವನ್ನು ಸ್ತನ್ಯಪಾನ ಸಪ್ತಾಹವೆಂದು ಆಚರಿಸುತ್ತ ಬಂದಿದ್ದಾರೆ. ಹುಟ್ಟಿದ ಒಂದು ತಾಸಿನೊಳಗೆ ಕೂಸಿಗೆ ಎದೆ ಕೊಡಬೇಕು, ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ಒಂದು ಹನಿ ನೀರನ್ನೂ ಕುಡಿಸಬಾರದು ಎಂದು ಡಾಕ್ಟರರು ಹೇಳುತ್ತಾರೆ. ಎಲ್ಲವೂ ನಿಜ. ಆದರೆ ಬೆಳಗಾವಿಯಲ್ಲಿ ಇಂಥ ಎಷ್ಟೋ ಸಭೆಗಳಲ್ಲಿ ಕುಳಿತು ಬಂದ ನನಗೆ ಒಂದು ಪ್ರಶ್ನೆ ಮಾತ್ರ ಕಿವಿಗೆ ಬಿದ್ದಿಲ್ಲ. ಹಾಲು ಕೊಡುವವಳು ಇವತ್ತು ಏನು ಉಂಡಳು? ಎಷ್ಟು ಹೊತ್ತಿಗೆ ಉಂಡಳು? ಯಾರು ಬಡಿಸಿದರು?

ವರದಕ್ಷಿಣೆ, ಹೊಡೆತಬಡಿತದ ಬಗ್ಗೆ ಬರೆಯುವ ಪತ್ರಿಕೆಯಲ್ಲಿ ಕೂಸಿನ ಹಾಲಿನ ಮಾತೇಕೆ ಎಂದು ಕೆಲವು ಗೆಳತಿಯರು ಕೇಳಬಹುದು. ಎರಡೂ ಒಂದೇ ಅಡುಗೆಮನೆಯ ಮಾತು, ಅದಕ್ಕೆ.

ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದವಳು. 'ಎದೆಹಾಲಿಗೆ ಖರ್ಚಿಲ್ಲ' ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಖರ್ಚು ಇದೆ, ಅದನ್ನು ಹೆಣ್ಣಿನ ಮೈಯಿಂದ ವಸೂಲು ಮಾಡುತ್ತಾರೆ, ಅಷ್ಟೆ. ಎಳೆಗೂಸು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತದೆ. ಒಂದು ಸಲಕ್ಕೆ ಇಪ್ಪತ್ತು ನಿಮಿಷ ಹಿಡಿದರೂ ಮೂರು ನಾಲ್ಕು ತಾಸಿನ ದುಡಿಮೆಯಾಯಿತು. ಈ ಕೆಲಸಕ್ಕೆ ಅವಳಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಎಂದಿನ ಊಟದ ಮೇಲೆ ಇನ್ನೆರಡು ಜೋಳದ ರೊಟ್ಟಿ, ಒಂದು ಬಟ್ಟಲು ಬೇಳೆ, ಒಂದು ಹಿಡಿ ಶೇಂಗಾ. ಇದು ಸಿಗದಿದ್ದರೂ ಹಾಲು ಬರುತ್ತದೆ. ಅರೆಹೊಟ್ಟೆಯ ತಾಯಿಯ ಹಾಲೂ ಬಹುಮಟ್ಟಿಗೆ ಗಟ್ಟಿಯಾಗಿಯೇ ಇರುತ್ತದೆ. ಎಲ್ಲಿಂದ ಬರುತ್ತದೆ? ಅವಳ ಎಲುಬಿನಿಂದ, ಮಾಂಸದಿಂದ. ಮನೆಯವರಿಗೆ ಕೂಸು ತುಂಬಿಕೊಂಡದ್ದು ಕಾಣುತ್ತದೆ, ತಾಯಿ ಸವೆದದ್ದು ಕಾಣುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ. ಅದೇ ಸಮೀಕ್ಷೆ ಕರ್ನಾಟಕದ ಬಗ್ಗೆ ಇನ್ನೊಂದು ಮಾತು ಹೇಳಿತು: ಮದುವೆಯಾದ ಹೆಂಗಸರಲ್ಲಿ ಶೇಕಡಾ 44 ಮಂದಿ ಗಂಡನಿಂದ ಹಿಂಸೆ ಉಂಡವರು. ಈ ಎರಡು ಅಂಕಿಗಳು ಬೇರೆ ಬೇರೆ ಪುಟಗಳಲ್ಲಿ ಅಚ್ಚಾಗುತ್ತವೆ. ಮನೆಗಳು ಮಾತ್ರ ಬಹಳ ಸಲ ಒಂದೇ.

ಚೊಚ್ಚಲ ಬಾಣಂತನ ತವರಿನದು ಎಂಬುದು ನಮ್ಮ ಕಡೆಯ ರೂಢಿ. ಕುಬಸದ ಖರ್ಚು, ಆಸ್ಪತ್ರೆಯ ಖರ್ಚು, ಅಂಟಿನ ಉಂಡಿ, ಅಳವಿ ಪಾಯಸ, ತೊಟ್ಟಿಲು, ಕೂಸಿಗೆ ಬಂಗಾರ, ಬೀಗರಿಗೆ ಸೀರೆ, ಎಲ್ಲವೂ ತವರಿನವರ ತಲೆಯ ಮೇಲೆ. ಮದುವೆಯಲ್ಲಿ ಮುಗಿಯಿತೆಂದುಕೊಂಡ ವರದಕ್ಷಿಣೆಯ ಎರಡನೆಯ ಕಂತು ಇದು. ಹುಟ್ಟಿದ್ದು ಗಂಡಾದರೆ ಬೀಗರು ಕುಂಚಗಿ ಹೊಲಿಸಿಕೊಂಡು ಬರುತ್ತಾರೆ. ಹೆಣ್ಣಾದರೆ ಮೂರು ತಿಂಗಳಾದರೂ ಕರೆಯಲು ಬರುವುದಿಲ್ಲ. ಖಾನಾಪುರ ತಾಲೂಕಿನ ಕಾಡಂಚಿನ ಊರೊಂದರಲ್ಲಿ ಒಬ್ಬ ತಾಯಿ ನನಗೆ ಹೇಳಿದ್ದು: "ಬಾಯೀ, ಮಗಳ ಬಾಣಂತನ ಮಾಡಲಿಕ್ಕೆ ಎಮ್ಮೆ ಮಾರಿದೆ. ಈಗ ಮಗಳಿಗೆ ಕುಡಿಸಲಿಕ್ಕೆ ಹಾಲಿಲ್ಲ." ತವರಿನಿಂದ ಗಂಡನ ಮನೆಗೆ ಹೋದ ಮೇಲೆ ಉಂಡಿ, ಪಾಯಸ ಎರಡೂ ನಿಂತುಹೋಗುತ್ತವೆ. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದು ಅವಳ ಪಾಲು.

ಅಲ್ಲಿಂದ ಒಂದು ಮಾತು ಹುಟ್ಟುತ್ತದೆ. 'ಇವಳಿಗೆ ಹಾಲಿಲ್ಲ.' ಹೆದರಿದ, ಅತ್ತ, ನಿದ್ದೆಗೆಟ್ಟ ತಾಯಿಗೆ ಎದೆಯಲ್ಲಿ ಹಾಲಿದ್ದರೂ ಅದು ಇಳಿಯುವುದು ತಡವಾಗುತ್ತದೆ. ಕೂಸು ಚೀಪಿದಷ್ಟೂ ಹಾಲು ಹುಟ್ಟುತ್ತದೆ, ಚೀಪದೆ ಇದ್ದರೆ ಕಡಿಮೆಯಾಗುತ್ತದೆ. ಮನೆಯವರು ಡಬ್ಬಿ ಹಾಲು ತರುತ್ತಾರೆ, ಕೂಸು ಎದೆ ಬಿಡುತ್ತದೆ, ಹಾಲು ನಿಜವಾಗಿಯೂ ಬತ್ತುತ್ತದೆ, ಆಡಿದ ಮಾತು ಸತ್ಯವಾಗುತ್ತದೆ! 400 ಗ್ರಾಮಿನ ಡಬ್ಬಿ ಎರಡು ತಿಂಗಳ ಕೂಸಿಗೆ ನಾಲ್ಕು ದಿನ ಬಂದರೆ ಹೆಚ್ಚು. ಐದನೆಯ ಡಬ್ಬಿಗೆ ರೊಕ್ಕ ಎಲ್ಲಿಂದ? 'ನಿನ್ನ ತವರಿನಿಂದ ತರಿಸು.' ಇಲ್ಲವೇ ಪುಡಿ ಕಡಿಮೆ ಮಾಡಿ ನೀರು ಹೆಚ್ಚು ಮಾಡುತ್ತಾರೆ, ಕೂಸಿಗೆ ಭೇದಿ ಹತ್ತುತ್ತದೆ, ಬೈಗುಳ ಮತ್ತೆ ತಾಯಿಗೇ. ಡಬ್ಬಿ ಕಂಪನಿಗಳನ್ನು ಬಿಗಿ ಹಿಡಿಯಲು ವಿಶ್ವ ಆರೋಗ್ಯ ಸಂಸ್ಥೆಯ ಸಭೆ 1981ರಲ್ಲಿ ಒಂದು ನಿಯಮಾವಳಿಯನ್ನು ಒಪ್ಪಿತು, ವಿರುದ್ಧ ಮತ ಹಾಕಿದ ದೇಶ ಅಮೆರಿಕ ಒಂದೇ. ನಮ್ಮಲ್ಲಿ 1992ರ ಕಾನೂನು ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಹಾಲಿನ ಜಾಹೀರಾತನ್ನೂ ಪುಕ್ಕಟೆ ಹಂಚಿಕೆಯನ್ನೂ ನಿಷೇಧಿಸಿದೆ. ಮನೆಯೊಳಗಿನ ಮಾತಿಗೆ ಯಾವ ನಿಷೇಧವೂ ಇಲ್ಲ.

ಇಲ್ಲೊಂದು ವಿಚಿತ್ರ ಹೇಳಿ ಮುಂದೆ ಹೋಗುತ್ತೇನೆ. ಎಮ್ಮೆ ಈದರೆ ಗಿಣ್ಣದ ಹಾಲಿಗಾಗಿ ಓಣಿಯೆಲ್ಲ ಬಟ್ಟಲು ಹಿಡಿದು ಬರುತ್ತದೆ. ಹೆಂಗಸು ಹಡೆದರೆ ಅದೇ ಹಳದಿ ಗಟ್ಟಿ ಹಾಲನ್ನು 'ಕೆಟ್ಟ ಹಾಲು' ಎಂದು ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಜೇನು, ಬೆಲ್ಲದ ನೀರು ನೆಕ್ಕಿಸುವವರು ಇನ್ನೂ ಇದ್ದಾರೆ. ಎಮ್ಮೆಯ ವಿಷಯದಲ್ಲಿ ನಮಗಿರುವ ತಿಳಿವಳಿಕೆ ಹೆಣ್ಣಿನ ವಿಷಯದಲ್ಲಿ ಏಕಿಲ್ಲ?

ಬೆಳಗಾವಿಯ ವಡಗಾವಿಯ ನೇಕಾರರ ಓಣಿಗಳಲ್ಲಿ ಮನೆಯಲ್ಲೇ ಕಂಡಿಕಿ ಸುತ್ತುವ ಹೆಂಗಸರಿದ್ದಾರೆ. 'ಮನೆಯಲ್ಲೇ ಇರುತ್ತಾಳಲ್ಲ, ಕೂಸಿಗೆ ಹಾಲು ಕೊಡಲು ಏನು ಕಷ್ಟ' ಎನ್ನುವವರು ಒಂದು ದಿನ ಅಲ್ಲಿ ಕುಳಿತು ನೋಡಬೇಕು. ಸುತ್ತಿದಷ್ಟಕ್ಕೇ ಕೂಲಿ, ಎದ್ದರೆ ಕೂಲಿ ಕಡಿತ. 1961ರ ಹೆರಿಗೆ ಸೌಲಭ್ಯ ಕಾನೂನಿನಲ್ಲಿ ಕೂಸಿಗೆ ಹದಿನೈದು ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು ಕೊಡಬೇಕೆಂದಿತ್ತು. 2017ರ ತಿದ್ದುಪಡಿ ಸಂಬಳದ ರಜೆಯನ್ನು 26 ವಾರಕ್ಕೆ ಏರಿಸಿತು. ನನ್ನಂಥ ನೌಕರಿಯವರಿಗೆ ಅದು ಸಿಕ್ಕಿತು. ಕಂಡಿಕಿ ಸುತ್ತುವವಳಿಗೆ, ಖಾನಾಪುರದ ಗದ್ದೆಯಲ್ಲಿ ನಾಟಿ ಹಚ್ಚುವವಳಿಗೆ ಯಾರು ಬಿಡುವು ಕೊಡಬೇಕು?

ಸರಕಾರ ಏನೂ ಕೊಟ್ಟಿಲ್ಲ ಎನ್ನಲಾರೆ. 2013ರ ಆಹಾರ ಭದ್ರತಾ ಕಾನೂನಿನಲ್ಲಿ ಗರ್ಭಿಣಿಗೂ, ಹೆರಿಗೆಯ ನಂತರ ಆರು ತಿಂಗಳು ಬಾಣಂತಿಗೂ ಅಂಗನವಾಡಿಯ ಮೂಲಕ ಪುಕ್ಕಟೆ ಊಟ ಒಂದು ಹಕ್ಕು. ಕರ್ನಾಟಕದಲ್ಲಿ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ಆರಂಭವಾಗಿ ಅಂಗನವಾಡಿಯಲ್ಲೇ ಅನ್ನ, ಸಾರು, ತತ್ತಿ, ಹಾಲು ಕೊಡುವ ಏರ್ಪಾಡಾಯಿತು. ಅಲ್ಲೇ ಕುಳಿತು ಉಣ್ಣಬೇಕೆಂಬ ಯೋಚನೆ ಜಾಣತನದ್ದು, ಮನೆಗೆ ಒಯ್ದ ತತ್ತಿ ಯಾರ ತಾಟಿಗೆ ಹೋಗುತ್ತದೆಂದು ನಮಗೆಲ್ಲ ಗೊತ್ತು. ಆದರೆ ಹಸಿಮೈ ಬಾಣಂತಿ ಹೊಸ್ತಿಲು ದಾಟಬಾರದೆಂಬ ಕಟ್ಟುಪಾಡು ಒಂದು ಕಡೆ, ಖಾನಾಪುರದ ಮಳೆ, ಹಳ್ಳ, ಕಾಡಿನ ದಾರಿ ಇನ್ನೊಂದು ಕಡೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳ ಹೆಸರು ಗಂಡನ ಊರಿನ ಅಂಗನವಾಡಿಯಲ್ಲಿರುತ್ತದೆ. ತಾಯಿ ಕಾರ್ಡ್ ಹಿಡಿದು ಓಡಾಡುವವರು ಯಾರು?

ಇಲ್ಲಿ ನಮ್ಮ ಸಂಘಗಳ ಕೆಲಸ ಶುರುವಾಗುತ್ತದೆ. ಜಾರ್ಖಂಡ್, ಒಡಿಶಾದ ಆದಿವಾಸಿ ಹಳ್ಳಿಗಳಲ್ಲಿ ಏಕಜುಟ್ ಎಂಬ ಸಂಸ್ಥೆ ಹೆಂಗಸರ ಗುಂಪುಗಳನ್ನು ತಿಂಗಳಿಗೊಮ್ಮೆ ಕೂಡಿಸಿ ಬಸಿರು, ಹೆರಿಗೆ, ಎಳೆಗೂಸಿನ ಮಾತುಗಳನ್ನೇ ಆಡಿಸಿತು. 2010ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ಮೂರು ವರ್ಷದಲ್ಲಿ ನವಜಾತ ಶಿಶುಗಳ ಸಾವು ಸುಮಾರು ಮೂರನೆಯ ಒಂದು ಪಾಲು ಇಳಿದಿತ್ತು. ದೊಡ್ಡ ಆಸ್ಪತ್ರೆ ಕಟ್ಟಿ ಅಲ್ಲ, ಕೂಡಿ ಕುಳಿತು ಮಾತಾಡಿ. ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಎದೆಹಾಲಿನ ಬ್ಯಾಂಕ್ ತೆರೆದ ಡಾ. ಅರ್ಮಿಡಾ ಫರ್ನಾಂಡಿಸ್ 1999ರಲ್ಲಿ 'ಸ್ನೇಹಾ' ಸಂಸ್ಥೆ ಕಟ್ಟಿದರು. ಎಳೆಗೂಸುಗಳ ಡಾಕ್ಟರು ಕಟ್ಟಿದ ಆ ಸಂಸ್ಥೆ ಧಾರಾವಿಯಂಥ ಕೊಳೆಗೇರಿಗಳಲ್ಲಿ ಪೋಷಣೆಯ ಜೊತೆಗೇ ಹೆಂಗಸರ ಮೇಲಿನ ಹಿಂಸೆಯ ವಿರುದ್ಧವೂ ಕೆಲಸ ಮಾಡುತ್ತ ಬಂದಿದೆ. ನನಗೆ ಇದರಲ್ಲಿ ಆಶ್ಚರ್ಯವಿಲ್ಲ.

ಏಕೆಂದರೆ ಗೆಳತಿಯರೇ, ಒಂದು ಮನೆಯ ಬಾಗಿಲು ತಟ್ಟಿ 'ನಿಮ್ಮ ಸೊಸೆಗೆ ಹೊಡೆಯುತ್ತೀರಾ' ಎಂದು ಕೇಳಲಾಗುವುದಿಲ್ಲ. 'ಕೂಸು ಹಾಲು ಕುಡಿಯುತ್ತದೆಯೇ, ನೋಡಿಹೋಗೋಣವೆಂದು ಬಂದೆವು' ಎಂದರೆ ಯಾವ ಅತ್ತೆಯೂ ಬಾಗಿಲು ಹಾಕಲಾರಳು. ಒಳಗೆ ಹೋದವರಿಗೆ ಕಣ್ಣಿದ್ದರೆ ಸಾಕು. ಕೂಸನ್ನು ಎದೆಗೆ ಹಿಡಿಯುವ ರೀತಿ ತೋರಿಸುತ್ತಲೇ ತೋಳಿನ ಬಾಸುಂಡೆ ಕಾಣುತ್ತದೆ, ತಾಟು ಕಾಣುತ್ತದೆ.

ಆದರೆ ನಮ್ಮ ಸಂಘಗಳಲ್ಲಿ ಕುಳಿತವರು ಯಾರು? ಬಹುಪಾಲು ಅತ್ತೆಯರೇ. ಸೊಸೆಗೆ ಸಭೆಗೆ ಬರಲು ಪುರಸೊತ್ತಿಲ್ಲ, ಅತ್ತೆ ಸಭೆಗೆ ಬಂದಾಗ ಮನೆಗೆಲಸ ಅವಳೇ ಮಾಡಬೇಕಲ್ಲ! ಹೊರಗೆ ವರದಕ್ಷಿಣೆಯ ವಿರುದ್ಧ ಘೋಷಣೆ ಕೂಗಿ, ಮನೆಯಲ್ಲಿ ಬಾಣಂತಿಯ ತುಪ್ಪದ ಡಬ್ಬಿಗೆ ಬೀಗ ಹಾಕುವವರು ನಮ್ಮೊಳಗಿಲ್ಲವೇ? ಬೇಸರವಾದರೂ ಈ ಮಾತು ಆಡಲೇಬೇಕು.

ಆದ್ದರಿಂದ ಮೊದಲ ಠರಾವು ನಮ್ಮ ಮನೆಗಳ ಬಗ್ಗೆಯೇ ಆಗಲಿ: ಹಾಲೂಡಿಸುವ ಸೊಸೆಗೆ ಮೊದಲ ಪಂಕ್ತಿ. ಬಾಣಂತಿ ಸದಸ್ಯೆಯ ಸಾಲದ ಕಂತನ್ನು ಮೂರು ತಿಂಗಳು ಮುಂದೂಡುವುದು ಎರಡನೆಯದು. 2025ರ ಜನವರಿಯಲ್ಲಿ ಬೆಳಗಾವಿ ತಾಲೂಕಿನಲ್ಲಿ ಸಾಲ ಕಟ್ಟಲಿಲ್ಲವೆಂದು ಎಳೆಗೂಸಿನ ಬಾಣಂತಿಯನ್ನು ಮನೆಯಿಂದ ಹೊರಗೆ ಹಾಕಿದ ಸುದ್ದಿ ಓದಿದೆವಲ್ಲ, ನಮ್ಮ ಸಂಘಗಳ ಸಾಲವಾದರೂ ಹಾಗಿರಬಾರದು. ಹೆರಿಗೆಯಾದ ಮೊದಲ ವಾರ ದಿನಕ್ಕೊಬ್ಬರಂತೆ ಹೋಗಿಬರುವುದು, ತಾಯಿ ಕಾರ್ಡ್ ಹಿಡಿದು ಹೆಸರು ಹಚ್ಚಿಸುವುದು, ಮಾತೃವಂದನಾ ಯೋಜನೆಯಲ್ಲಿ ಮೊದಲ ಹೆರಿಗೆಗೆ ಬರುವ 5000 ರೂಪಾಯಿ, ಎರಡನೆಯದು ಹೆಣ್ಣಾದರೆ ಬರುವ 6000 ರೂಪಾಯಿ ಅವಳ ಕೈಗೇ ಸೇರಿತೇ ಎಂದು ಕೇಳುವುದು, ಇವೆಲ್ಲ ಹತ್ತು ಹದಿನೈದು ಹೆಂಗಸರ ಸಂಘಕ್ಕೆ ಭಾರವಲ್ಲ. ಹಾಗೆಯೇ, ನಿಜವಾಗಿ ಹಾಲು ಸಾಲದ, ಕಾಯಿಲೆಯಿಂದ ಕೊಡಲಾಗದ ತಾಯಂದಿರೂ ಇದ್ದಾರೆ. ಅವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ, ಚುಚ್ಚಬೇಡಿ.

ಬಾಣಂತನಕ್ಕೂ ಮೊದಲಿನ ಮಾತೊಂದಿದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯವೂ ಸೇರಿ ನಾಲ್ಕು ದೇಶಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಸಿರಿಗೆ ಮೊದಲೇ ಅಥವಾ ಬಸಿರಿನ ಮೊದಲ ತಿಂಗಳುಗಳಿಂದ ಪೌಷ್ಟಿಕ ಆಹಾರ ಪಡೆದವರ ಕೂಸುಗಳು, ಪಡೆಯದವರ ಕೂಸುಗಳಿಗಿಂತ ಉದ್ದವಾಗಿ ಹುಟ್ಟಿದವು. ಬಸಿರಿಗೆ ಮೊದಲೇ ಎಂದರೆ ಹೊಸ ಸೊಸೆಯ ದಿನಗಳು. ತಂದದ್ದು ಸಾಲದೆಂದು ಅವಳ ಊಟಕ್ಕೆ ಕಲ್ಲು ಬೀಳುವ ದಿನಗಳೂ ಅವೇ.

2005ರ ಕೌಟುಂಬಿಕ ಹಿಂಸೆ ಕಾನೂನು ಹೊಡೆತವನ್ನಷ್ಟೇ ಹಿಂಸೆ ಎನ್ನುವುದಿಲ್ಲ. ಹೆಣ್ಣಿಗೂ ಅವಳ ಮಕ್ಕಳಿಗೂ ಮನೆಯ ಅಗತ್ಯಗಳನ್ನು ಕೊಡದಿರುವುದೂ ಅದರಲ್ಲಿ ಆರ್ಥಿಕ ಹಿಂಸೆ. ಕರ್ನಾಟಕದ ತಾಲೂಕುಗಳಲ್ಲಿ ಆ ಕಾನೂನಿನ ಸಂರಕ್ಷಣಾಧಿಕಾರಿಯ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಇದೆ. ಅಂಗನವಾಡಿಯ ತತ್ತಿ, ಹಾಲಿನ ಲೆಕ್ಕವೂ ಅವರ ಕಚೇರಿಯದೇ. ಊಟ ಬರಲಿಲ್ಲವೆಂದು ದೂರು ಒಯ್ದಾಗ, ಉಣ್ಣಗೊಡದ ಮನೆಯ ದೂರನ್ನೂ ಅದೇ ಮೇಜಿನ ಮೇಲೆ ಇಡಬಹುದು. ರಾತ್ರಿ ಹೊತ್ತಿನ ಆಪತ್ತಿಗೆ ಮಹಿಳಾ ಸಹಾಯವಾಣಿ 181 ಇದೆ. ಆ ಸಂಖ್ಯೆಯನ್ನು ತಾಯಿ ಕಾರ್ಡಿನ ಹಿಂಬದಿಗೆ ಪೆನ್ನಿನಲ್ಲಿ ಬರೆದುಕೊಡಿ. ಆ ಕಾರ್ಡನ್ನು ಗಂಡಂದಿರು ತೆರೆದು ನೋಡಿದ್ದನ್ನು ನಾನು ಕಂಡಿಲ್ಲ.