ಯಾರ ಕಡೆ ನಿಂತು ಓದುತ್ತೀರಿ?



ದಸರೆಯಲ್ಲಿ ದೇವರಗುಡ್ಡದ ಗೊರವಯ್ಯ ಬಿಲ್ಲನ್ನೇರಿ ಒಂದೇ ಒಂದು ಮಾತು ಕಾರಣಿಕ ನುಡಿಯುತ್ತಾನೆ. ಆ ಮಾತಿನಲ್ಲಿ ರೈತ ಮಳೆ ಹುಡುಕುತ್ತಾನೆ, ಬ್ಯಾಡಗಿ ವ್ಯಾಪಾರಿ ಮೆಣಸಿನಕಾಯಿ ದರ ಹುಡುಕುತ್ತಾನೆ, ರಾಜಕಾರಣಿ ಕುರ್ಚಿ ಹುಡುಕುತ್ತಾನೆ. ನಿಂತ ನೆಲ ಬೇರೆ, ಕೇಳುವ ಅರ್ಥವೂ ಬೇರೆ. ಕಾಲೇಜಿನ ಪುಸ್ತಕದ ಕಥೆಯೂ ಇಷ್ಟೆ. 'ವಿದ್ಯೆಗೆ ಜಾತಿಯಿಲ್ಲ, ಧರ್ಮವಿಲ್ಲ' ಎನ್ನುವ ಮಾಸ್ತರರೂ ಎಲ್ಲೋ ಒಂದು ಕಡೆ ನಿಂತೇ ಪಾಠ ಹೇಳುತ್ತಾರೆ.

ಹಾಗಾದರೆ ಕ್ರೈಸ್ತ ದೃಷ್ಟಿಯಿಂದ ಓದುವುದು, ಕಲಿಸುವುದು ಎಂದರೇನು? 'ಅದು ಮತಾಂತರದ ಮಾತು ಬಿಡ್ರಿ' ಎಂದು ನಮ್ಮ ಹುಡುಗರೇ ಮುಖ ತಿರುಗಿಸುತ್ತಾರೆ. ಅದಕ್ಕೂ ಮೊದಲು ಧಾರವಾಡದ ಕಡೆ ನೋಡಿರಿ.

1856ರಲ್ಲಿ ಒಬ್ಬ ಮಹಾರ ಹುಡುಗ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಕೇಳಿದ. ಸೇರಿಸಿಕೊಳ್ಳಲಿಲ್ಲ. ಮುಂಬಯಿ ಸರ್ಕಾರ ಏನೆಂದಿತು? ನ್ಯಾಯ ಹುಡುಗನ ಕಡೆಗೇ ಇದೆ, ಆದರೆ ಅವನೊಬ್ಬನಿಗಾಗಿ ಉಳಿದವರೆಲ್ಲ ಶಾಲೆ ಬಿಟ್ಟರೆ ಹೇಗೆ! ಹೀಗೆಂದ ದೊರೆಗಳೂ ಕ್ರಿಸ್ತನ ಹೆಸರು ಹೇಳುವವರೇ. ಸರ್ಕಾರಿ ಶಾಲೆ ಎಲ್ಲ ಜಾತಿಯವರದು ಎಂದು ಕಂಪನಿಯ ನಿರ್ದೇಶಕರು ಹೇಳಬೇಕಾದರೆ 1858 ಬರಬೇಕಾಯಿತು.

1853ರಲ್ಲಿ ಬಾಸೆಲ್ ಮಿಶನ್ನಿನಿಂದ ಬಂದ ಕಿಟೆಲ್, ಕನ್ನಡ ನಿಘಂಟನ್ನು ಹೊರತಂದದ್ದು 1894ರಲ್ಲಿ. ದೇವರ ಮಾತು ಜನರಿಗೆ ಅವರದೇ ನುಡಿಯಲ್ಲಿ ಮುಟ್ಟಬೇಕೆಂಬುದು ಆ ಮಿಶನ್ನಿನ ನಂಬಿಕೆ. ಅದಕ್ಕೇ ಹಳಗನ್ನಡ ಕಾವ್ಯದ ಪದದ ಪಕ್ಕದಲ್ಲಿ ಹಳ್ಳಿಯ ಗಾದೆಗೂ ಜಾಗ ಸಿಕ್ಕಿತು. ನಂಬಿಕೆ ಓದಿಗೆ ಕಣ್ಣು ಕೊಡುವುದೆಂದರೆ ಇದು. ಅದೇ ಮಿಶನರಿಗಳ ಕಣ್ಣಿಗೆ ನಮ್ಮ ಊರದೇವರುಗಳು ದೆವ್ವವಾಗಿ ಕಂಡದ್ದೂ ನಿಜ. ನಂಬಿಕೆ ಕಣ್ಣು ಕೊಡುತ್ತದೆ, ಕಣ್ಣಿಗೆ ಪಟ್ಟಿಯನ್ನೂ ಕಟ್ಟುತ್ತದೆ.

ಯಾವುದು ಯಾವುದೆಂದು ಅಳೆಯುವುದು ಹೇಗೆ? ಕ್ರಿಸ್ತ ಬಡಗಿಯ ಮಗ. ಊರು ದೂರ ಇಟ್ಟವರ ಜೊತೆ ಕೂತು ಉಂಡವ. ಅವನ ಕಡೆಯಿಂದ ಓದುವುದೆಂದರೆ ಧಾರವಾಡದ ಆ ಹುಡುಗನ ಪಕ್ಕ ನಿಂತು ಓದುವುದು. ಚರಿತ್ರೆಯಲ್ಲಿ ಕೆರೆ ಕಟ್ಟಿಸಿದ ರಾಜ ಸಿಗುತ್ತಾನೆ. ಮಣ್ಣು ಹೊತ್ತವರು ಯಾರೆಂದು ಕೇಳಬೇಕು. ಅರ್ಥಶಾಸ್ತ್ರದಲ್ಲಿ ಬೆಳೆಯ ಲೆಕ್ಕ ಸಿಗುತ್ತದೆ. ಕೂಲಿಯ ಲೆಕ್ಕ ಎಲ್ಲೈತಿ ಎಂದು ಕೇಳಬೇಕು. ಗೋಡೆಗೆ ಶಿಲುಬೆ ತೂಗುಹಾಕಿ ಬಡವರ ಮಕ್ಕಳಿಗೆ ಡೊನೇಶನ್ ಕೇಳುವ ಶಾಲೆಗೆ ಈ ದೃಷ್ಟಿ ಇಲ್ಲ. ಶಿಲುಬೆಯೇ ಇಲ್ಲದ ಸರ್ಕಾರಿ ಶಾಲೆಯ ಮಾಸ್ತರನಿಗೆ ಇರಬಹುದು.

ಇದನ್ನು ಕಲಿಯಲು ಯಾರೂ ದೀಕ್ಷಾಸ್ನಾನ ಮಾಡಿಸಿಕೊಳ್ಳಬೇಕಿಲ್ಲ. ನಾಳೆ ನಮ್ಮಲ್ಲೇ ಎಷ್ಟೋ ಮಂದಿ ಮಾಸ್ತರಾಗುತ್ತೇವೆ. ಸೀಮೆಸುಣ್ಣ ಹಿಡಿಯುವ ಮೊದಲು ಹಿಂದಿನ ಬೆಂಚು ನೋಡೋಣ. ಆಮೇಲೆ ಬಾಗಿಲ ಹೊರಗೂ ನೋಡೋಣ.