ರಟ್ಟಿಗೆ ತೂತು ಹೊಡೆದವರು ಯಾರು?

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಕಡಲೆಕಾಯಿ ಹೊಲ, ಬಂಡೆಗಳ ಗುಡ್ಡ, ನಡುನಡುವೆ ಕುರಿಹಿಂಡು. ಮೊನ್ನೆ ಹಾಗೆ ಹೋಗುವಾಗ ನನ್ನ ಮುಂದಿನ ಸೀಟಿನಲ್ಲಿ ಒಬ್ಬ ತಾತ ಮತ್ತು ಮೊಮ್ಮಗಳು ಕುಳಿತಿದ್ದರು. ಹುಡುಗಿ ಮೊಬೈಲಿನಲ್ಲಿ ಒಂದು ಬಿಳಿ ಕಟ್ಟಡದ ಚಿತ್ರ ತೆಗೆದು ತಾತನ ಮೂಗಿನ ಮುಂದೆ ಹಿಡಿದಳು.

"ನೋಡು ತಾತ, ಮೂಲೆಯೇ ಇಲ್ಲ! ಇದನ್ನೆಲ್ಲ ಕಂಪ್ಯೂಟರೇ ಮಾಡಿದ್ದಂತೆ."

ತಾತ ಕನ್ನಡಕ ಸರಿಮಾಡಿಕೊಂಡು ನಿಧಾನವಾಗಿ ನೋಡಿದರು. "ಹರಡಿದ ಸೀರೆಯ ಸೆರಗನ್ನು ಗಾಳಿ ಎತ್ತಿದ ಹಾಗಿದೆ" ಎಂದರು. ಆಮೇಲೆ ಕೇಳಿದರು: "ಸರಿ, ಇದರ ರಟ್ಟಿಗೆ ತೂತು ಹೊಡೆದವರು ಯಾರು?"

ಹುಡುಗಿ ನಕ್ಕುಬಿಟ್ಟಳು. ನಾನು ನಗಲಿಲ್ಲ. ಆ ಪ್ರಶ್ನೆ ಕೇಳಿದವರು ಮಗ್ಗದ ಮುಂದೆ ಕೂತವರೇ ಇರಬೇಕು ಎಂದು ಗೊತ್ತಾಯಿತು. ಅದು ತಮಾಷೆಯ ಪ್ರಶ್ನೆಯೂ ಅಲ್ಲ. ಈ ವಾರ ಅದನ್ನೇ ಬಿಡಿಸಿ ನೋಡೋಣ, ಬನ್ನಿ.

ಮೊಳಕಾಲ್ಮೂರಿನ ರೇಷ್ಮೆ ಸೀರೆ ನಿಮಗೆಲ್ಲ ಗೊತ್ತು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಅಂಚಿನಲ್ಲಿ ಹೂವು, ಹಣ್ಣು, ಪ್ರಾಣಿಗಳ ಚಿತ್ತಾರ ಮೂಡಬೇಕಾದರೆ ಪ್ರತಿ ಸಲ ಲಾಳಿ ಓಡುವಾಗಲೂ ಹಾಸು ನೂಲಿನಲ್ಲಿ ಕೆಲವು ಎಳೆ ಮೇಲೇಳಬೇಕು, ಕೆಲವು ಕೆಳಗೇ ಇರಬೇಕು. ನೂರಾರು ಎಳೆ. ಯಾವುದು ಏಳಬೇಕೆಂದು ಪ್ರತಿ ಸಲವೂ ನೆನಪಿಡುವುದು ಹೇಗೆ?

ಆ ಕೆಲಸಕ್ಕೆ ಮಗ್ಗದ ಮೇಲೆ ಜಕಾರ್ಡ್ ಎಂಬ ಪೆಟ್ಟಿಗೆ ಇರುತ್ತದೆ. ಅದರೊಳಗೆ ಸಾಲಾಗಿ ಪೋಣಿಸಿದ ರಟ್ಟುಗಳು ಒಂದೊಂದಾಗಿ ಸರಿಯುತ್ತವೆ. ರಟ್ಟಿನಲ್ಲಿ ತೂತು ಇದ್ದ ಕಡೆ ಕೊಕ್ಕೆ ಎಳೆಯನ್ನು ಎತ್ತುತ್ತದೆ, ತೂತು ಇಲ್ಲದ ಕಡೆ ಎತ್ತುವುದಿಲ್ಲ. ಹೌದು, ಇಲ್ಲ. ಹೌದು, ಇಲ್ಲ. ಈ ಎರಡೇ ಮಾತಿನಲ್ಲಿ ಇಡೀ ನವಿಲು ಬರೆದಿಡಬಹುದು!

ಈ ಏರ್ಪಾಡಿಗೆ ಹೆಸರು ಬಂದದ್ದು ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್ ಎಂಬುವರಿಂದ. ಕಾಲ 1804ರ ಸುಮಾರು. ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಬಳಿ ಜಕಾರ್ಡರದೇ ಒಂದು ಭಾವಚಿತ್ರವಿತ್ತು. ಅದು ಬಣ್ಣದಲ್ಲಿ ಬರೆದದ್ದಲ್ಲ, ಸುಮಾರು 24,000 ರಟ್ಟುಗಳ ನೆರವಿನಿಂದ ರೇಷ್ಮೆಯಲ್ಲಿ ನೇಯ್ದದ್ದು. ಲೆಕ್ಕ ಮಾಡುವ ಯಂತ್ರವೊಂದನ್ನು ಯೋಚಿಸುವಾಗ ಬ್ಯಾಬೇಜ್ ಅದಕ್ಕೂ ಇಂಥ ರಟ್ಟುಗಳನ್ನೇ ಆರಿಸಿಕೊಂಡರು. ಕಂಪ್ಯೂಟರಿನ ವಂಶಾವಳಿ ಬರೆದರೆ ಅದರಲ್ಲಿ ಮಗ್ಗವೂ ಒಬ್ಬ ಮುತ್ತಜ್ಜಿ.

ಈಗ ಆ ಹುಡುಗಿಯ ಬಿಳಿ ಕಟ್ಟಡಕ್ಕೆ ಬರೋಣ. ಅದು ಇರುವುದು ಕ್ಯಾಸ್ಪಿಯನ್ ಸಮುದ್ರದ ದಡದ ಬಾಕು ನಗರದಲ್ಲಿ. 2012ರಲ್ಲಿ ತೆರೆದ ಆ ಕಟ್ಟಡದ ಹೆಸರು ಹೈದರ್ ಅಲಿಯೇವ್ ಕೇಂದ್ರ. ರೂಪಿಸಿದವರು ಬಾಗ್ದಾದಿನಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಜಹಾ ಹದೀದ್. ಅಲ್ಲಿ ಅಂಗಳದ ನೆಲವೇ ಮೆಲ್ಲಗೆ ಏಳುತ್ತದೆ, ಗೋಡೆಯಾಗುತ್ತದೆ, ಚಾವಣಿಯಾಗುತ್ತದೆ, ಮತ್ತೆ ಇಳಿದು ನೆಲ ಸೇರುತ್ತದೆ. ಎಲ್ಲಿ ಗೋಡೆ ಮುಗಿಯಿತು, ಎಲ್ಲಿ ಚಾವಣಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಾಗವೇ ನೀರಿನಂತೆ ಹರಿಯುತ್ತದೆ.

ಇಂಥದ್ದನ್ನು ಬರೀ ಸ್ಕೇಲು, ಪೆನ್ಸಿಲಿನಿಂದ ಬರೆದು ಕಟ್ಟುವುದು ಬಹಳ ಕಷ್ಟ. ಡೊಂಕು ಮೈಯ ಒಂದೊಂದು ತುಂಡಿಗೂ ಬೇರೆ ಬೇರೆ ಬಾಗು, ಬೇರೆ ಬೇರೆ ಅಳತೆ. ಡೊಂಕು ಮೈಯನ್ನು ಲೆಕ್ಕದಲ್ಲಿ ಹಿಡಿಯುವ ಕೆಲಸದಲ್ಲಿ ಮೊದಲು ಪಳಗಿದವರಲ್ಲಿ ವಿಮಾನ ಮಾಡುವವರೂ ಇದ್ದರು. ಚಳ್ಳಕೆರೆ ತಾಲ್ಲೂಕಿನ ಮಕ್ಕಳಿಗೆ ವಿಮಾನದ ವಿಷಯ ಹೊಸದಲ್ಲ. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರಿಂದ ನಿಮ್ಮಲ್ಲೇ ಇದೆ. ವಿಮಾನದ ರೆಕ್ಕೆ ಎಷ್ಟು ನಯವಾಗಿ ಬಾಗಿರುತ್ತದೆ! ಅಂಥ ಬಾಗನ್ನು ಅಳೆಯಲು ಫ್ರಾನ್ಸಿನ ದಸ್ಸೋ ವಿಮಾನ ಕಂಪನಿ 'ಕಾತಿಯಾ' ಎಂಬ ಸಾಫ್ಟ್‌ವೇರ್ ಮಾಡಿಕೊಂಡಿತ್ತು. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ ಅದನ್ನೇ ಕಟ್ಟಡಕ್ಕೆ ತಂದರು. ಹೀಗೆ ಎದ್ದು ನಿಂತದ್ದು ಸ್ಪೇನಿನ ಬಿಲ್ಬಾವೊ ನಗರದ ಗುಗೆನ್‌ಹೈಮ್ ಮ್ಯೂಸಿಯಂ. ಅದು ತೆರೆದದ್ದು 1997ರಲ್ಲಿ. ಮೀನಿನ ಹುರುಪೆಯಂತೆ ಹೊಳೆಯುವ ಟೈಟಾನಿಯಂ ಅದರ ಹೊದಿಕೆ.

ಹಾಗಾದರೆ ಕಂಪ್ಯೂಟರು ತಾನೇ ಯೋಚಿಸಿ ಮನೆ ಕಟ್ಟುತ್ತದೆಯೇ? ಇಲ್ಲಿ ಒಂದು ಲೆಕ್ಕ ಮಾಡಿ ನೋಡೋಣ.

ನಿಮ್ಮ ಬಳಿ 40 ಮೀಟರ್ ಉದ್ದಕ್ಕೆ ಸಾಲುವಷ್ಟು ಜಾಲಿ ಮುಳ್ಳು ಇದೆ ಎಂದುಕೊಳ್ಳಿ. ಅದರಲ್ಲಿ ಒಂದು ಕುರಿ ರೊಪ್ಪ ಕಟ್ಟಬೇಕು. 15 ಮೀಟರ್ ಉದ್ದ, 5 ಮೀಟರ್ ಅಗಲ ಕಟ್ಟಿದರೆ ಒಳಗೆ ಸಿಗುವುದು 75 ಚದರ ಮೀಟರ್. 10 ಮೀಟರಿನ ಚೌಕ ಕಟ್ಟಿದರೆ 100. ಗುಂಡಗೆ ಕಟ್ಟಿದರೆ? ಸುಮಾರು 127! ಮುಳ್ಳು ಅಷ್ಟೇ, ಕುರಿಗೆ ಜಾಗ ಮಾತ್ರ ಹೆಚ್ಚು. ಪುಸ್ತಕ ಹಿಡಿಯದೆಯೂ ಗುಂಡನೆಯ ರೊಪ್ಪ ಕಟ್ಟಿದ ಕುರಿಗಾಹಿಯ ಕೈಯಲ್ಲಿ ಈ ಲೆಕ್ಕ ಇದ್ದೇ ಇತ್ತು.

ಕಂಪ್ಯೂಟರಿನ ನಕ್ಷೆಯೂ ಇದೇ ದಾರಿಯದು. ನಾವು ಅದಕ್ಕೆ ಒಂದು ನಿಯಮ ಕೊಡುತ್ತೇವೆ: ಬೇಲಿ ಇಷ್ಟು, ಜಾಗ ಆದಷ್ಟು ಹೆಚ್ಚಿರಲಿ. ಅದು ನೂರಾರು ಆಕಾರಗಳನ್ನು ಚಕಚಕನೆ ಹಾಕಿ ನೋಡುತ್ತದೆ. ಬೇಲಿಯ ಅಳತೆ ಬದಲಿಸಿದರೆ ಉಳಿದದ್ದೆಲ್ಲ ತಾನೇ ಬದಲಾಗುತ್ತದೆ, ಮತ್ತೆ ಮೊದಲಿಂದ ಗೆರೆ ಎಳೆಯಬೇಕಿಲ್ಲ. ಹಿಂದೆ ನಕ್ಷೆ ಎಂದರೆ ಗೆರೆ. ಈಗ ನಕ್ಷೆ ಎಂದರೆ ನಿಯಮ.

ನಿಯಮದಿಂದ ಆಕಾರ ಹುಟ್ಟಿಸುವುದೂ ನಮಗೆ ಹೊಸದಲ್ಲ. ರಟ್ಟಿನಲ್ಲಿ ಒಂದು ಚೌಕ ಕತ್ತರಿಸಿ ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ನಡುವೆ ಗುಂಡುಸೂಜಿ ಚುಚ್ಚಿ, 22.5 ಡಿಗ್ರಿ ತಿರುಗಿಸಿ ಮತ್ತೆ ಎಳೆಯಿರಿ. ಇನ್ನೆರಡು ಸಲ ಹಾಗೆಯೇ ಮಾಡಿ. ನಾಲ್ಕು ಚೌಕ, ನಾಲ್ಕು ನಾಲ್ಕಲ ಹದಿನಾರು ಮೂಲೆಯ ನಕ್ಷತ್ರ! 1258ರ ಸೋಮನಾಥಪುರದ ಕೇಶವ ದೇವಾಲಯದಲ್ಲಿ ಗರ್ಭಗುಡಿಗಳ ಹೊರಗೋಡೆ ಹದಿನಾರು ಮೂಲೆಯ ನಕ್ಷತ್ರದಂತೆಯೇ ಇದೆ. 15 ಡಿಗ್ರಿಯಂತೆ ತಿರುಗಿಸುತ್ತ ಆರು ಚೌಕ ಹಾಕಿದರೆ ಇಪ್ಪತ್ನಾಲ್ಕು ಮೂಲೆ. ಅದನ್ನು ನೋಡಲು ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ಗುಡಿಗೆ ಹೋಗಬೇಕು. ಒಂದು ಚೌಕ, ಒಂದು ನಿಯಮ, ಎರಡು ಗುಡಿ.

ಈಗ ತಾತನ ಪ್ರಶ್ನೆಗೆ ಮರಳೋಣ. ಜಕಾರ್ಡ್ ಪೆಟ್ಟಿಗೆಗೆ ನವಿಲು ಗೊತ್ತಿಲ್ಲ. ತೂತು ಹೊಡೆದವರಿಗೆ ಗೊತ್ತು. ಅವರು ಒಂದು ತೂತು ಮರೆತರೆ ನವಿಲಿಗೆ ಕಣ್ಣೇ ಬರುವುದಿಲ್ಲ, ಪೆಟ್ಟಿಗೆ ಅದನ್ನು ಕೇಳುವುದೂ ಇಲ್ಲ. ಕಂಪ್ಯೂಟರೂ ಅಷ್ಟೇ. ಹೇಳಿದ್ದನ್ನು ಅದು ಅಚ್ಚುಕಟ್ಟಾಗಿ ಮಾಡುತ್ತದೆ. ಹೇಳದೆ ಬಿಟ್ಟದ್ದು ಅದರ ಪಾಲಿಗೆ ಇಲ್ಲವೇ ಇಲ್ಲ.

ಒಬ್ಬ ನೇಕಾರರ ಮನೆಯನ್ನೇ ತೆಗೆದುಕೊಳ್ಳಿ. ಮನೆಯೊಳಗೇ ಮಗ್ಗ. ಗುಣಿಮಗ್ಗವಾದರೆ ಕಾಲು ಇಳಿಬಿಡಲು ನೆಲದಲ್ಲಿ ಗುಂಡಿ ಬೇಕು. ಜಕಾರ್ಡ್ ಕೂರಲು ಮೇಲೆ ಎತ್ತರ ಬೇಕು. ಎಳೆ ಕಾಣಲು ಪಕ್ಕದಿಂದ ಬೆಳಕು ಬೇಕು. ಮಗ್ಗದ ಸುತ್ತಲೇ ಮಕ್ಕಳ ಓದು, ಊಟ, ಬಂದವರ ಜೊತೆ ಮಾತು, ರಾತ್ರಿ ಹಾಸಿಗೆ. ಒಂದೇ ಪಡಸಾಲೆ ಹೊತ್ತಿಗೊಂದು ಕೆಲಸಕ್ಕೆ ಒದಗುತ್ತದೆ. ಬಾಕುವಿನಲ್ಲಿ ಗೋಡೆ ಬಾಗಿಸಿ ಜಾಗವನ್ನು ಹರಿಸಿದರು. ಇಲ್ಲಿ ಗೋಡೆ ನೆಟ್ಟಗೇ ಇದ್ದರೂ ಬದುಕೇ ಜಾಗದಲ್ಲಿ ಹರಿಯುತ್ತದೆ.

ಇದೇ ಮನೆಗೆ ಹೊಸ ನಕ್ಷೆ ಹಾಕುವಾಗ 'ಮಲಗುವ ಕೋಣೆ ಎರಡು, ಅಡುಗೆಮನೆ ಒಂದು, ಖರ್ಚು ಕಡಿಮೆ' ಎಂದಷ್ಟೇ ಕಂಪ್ಯೂಟರಿಗೆ ಹೇಳಿದರೆ? ಅದು ನೂರು ಚೆಂದದ ಮನೆ ತೋರಿಸೀತು. ನೂರರಲ್ಲಿ ಒಂದರಲ್ಲೂ ಮಗ್ಗದ ಗುಂಡಿ ಇರುವುದಿಲ್ಲ. ಗುಂಡಿ ಇಲ್ಲದ ಮನೆಗೆ ಮಗ್ಗ ಬರುವುದಿಲ್ಲ, ಮಗ್ಗ ಇಲ್ಲದ ಮನೆಯ ಮಗು ನೇಯ್ಗೆ ಕಲಿಯುವುದಿಲ್ಲ. ರಾಜ್ಯದಲ್ಲೇ ಬಹಳ ಕಡಿಮೆ ಮಳೆ ಬೀಳುವ ಈ ಸೀಮೆಯ ಬಿಸಿಲನ್ನು ಹೇಳದೆ ಬಿಟ್ಟರೂ ಅಷ್ಟೇ. ಚೆಂದದ ಗಾಜಿನ ಗೋಡೆ ಬರುತ್ತದೆ, ಮಧ್ಯಾಹ್ನ ಒಳಗೆ ಕೂರಲಾಗುವುದಿಲ್ಲ.

ಆದ್ದರಿಂದ ಮಕ್ಕಳೇ, ಕಂಪ್ಯೂಟರು ಕಲಿಯಿರಿ, ಚೆನ್ನಾಗಿಯೇ ಕಲಿಯಿರಿ. ನಾಳೆ ಅದಕ್ಕೆ ನಿಯಮ ಬರೆಯುವವರು ನೀವೇ. ಆದರೆ ಬರೆಯುವ ಮೊದಲು ಮನೆಯ ಹಿರಿಯರ ಪಕ್ಕ ಒಂದು ಗಳಿಗೆ ಕೂತುಕೊಳ್ಳಿ. ಬೆಳಗಿನ ಬಿಸಿಲು ಎಲ್ಲಿ ಬೀಳಬೇಕು? ಗಾಳಿ ಯಾವ ಕಡೆಯಿಂದ ಬರುತ್ತದೆ? ಕಾಳು ಎಲ್ಲಿ ಒಣಗಬೇಕು? ಮಂಡಿನೋವಿನವರಿಗೆ ಎಷ್ಟು ಎತ್ತರದ ಮೆಟ್ಟಿಲು? ಎಲ್ಲ ಕೇಳಿ ಒಂದು ಪಟ್ಟಿ ಮಾಡಿ. ಅಜ್ಜ ಅಜ್ಜಿಯರೇ, ನೀವೂ 'ನಮಗೇನು ತಿಳಿಯುತ್ತೆ' ಎಂದು ಸುಮ್ಮನಿರಬೇಡಿ. ಆ ಪಟ್ಟಿಯಲ್ಲಿ ಬಹುಪಾಲು ತೂತು ಹೊಡೆಯಬೇಕಾದವರು ನೀವು.

ಮೊಳಕಾಲ್ಮೂರು ಬಂತು. ಇಳಿಯುವ ಹೊತ್ತಿಗೆ ಹುಡುಗಿ ನಗು ಬಿಟ್ಟು ತಾತನನ್ನು ಕೇಳುತ್ತಿದ್ದಳು: "ತಾತ, ನಮ್ಮ ಮಗ್ಗದ ಗುಂಡಿ ಎಷ್ಟು ಆಳ ಇದೆ?"

ತಾತ ಚೀಲ ಹೆಗಲಿಗೇರಿಸಿದರು. "ಮನೆಗೆ ನಡಿ, ಅಳತೆ ಹಿಡಿಯೋಣ."